57ರ ಶೆವ್ರೊಲೆಟ್: ಮಾಡೆಲ್ ನಂಬರ್ ಒಂದು, ಬಾಡಿ ನಂಬರ್ ಇನ್ನೊಂದು. ಮೋಸ ಹೋದೆನಾ?

ಬೆಲ್ ಏರ್ ಹಾಸನ
ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರುವುದು ಡೆಟ್ರಾಯ್ಟ್ ಪಕ್ಕ. ಹೋದ ತಿಂಗಳು 1957ರ ಶೆವ್ರೊಲೆಟ್ ಬೆಲ್ ಏರ್ ಕೊಂಡೆ. ನಾಲ್ಕು ಬಾಗಿಲಿನ ಸೆಡಾನ್, ವಿ8 ಎಂಜಿನ್, ಕೆಂಪು ಬಣ್ಣ. ಮನೆಯಾಕೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಅದು ಬೇರೆ ವಿಷಯ.

ಭಾನುವಾರ ಹಳೇ ಕಾರುಗಳು ಸೇರುವ ಕಡೆ ಒಯ್ದಿದ್ದೆ. ಒಬ್ಬರು ಬಾನೆಟ್ ಎತ್ತಿಸಿದರು. ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲಿನ ಸಣ್ಣ ತಗಡಿನ ಮೇಲೆ ಬೆರಳಾಡಿಸಿದರು. ಬಾಗಿಲ ಕಂಬ ನೋಡಿದರು. "ಇದರ ಬಾಡಿ ಬೇರೆ ಕಾರಿನದು" ಎಂದು ಹೇಳಿ ಹೊರಟೇ ಹೋದರು. ಅವತ್ತಿನಿಂದ ನಿದ್ದೆ ಇಲ್ಲ.

ನನ್ನ ಹತ್ತಿರ ಇರುವುದು ಇಷ್ಟು. ಡ್ರೈವರ್ ಬಾಗಿಲ ಕಂಬದ ಪ್ಲೇಟಿನಲ್ಲಿ ವಿಸಿ57ಎಫ್, ಆಮೇಲೆ ಆರು ಅಂಕಿ. ಕಾರಿನ ಜೊತೆ ಬಂದ ಹಳೇ ಕಾಗದದಲ್ಲಿ ಮಾಡೆಲ್ 2403. ಬಾನೆಟ್ ಒಳಗಿನ ತಗಡಿನಲ್ಲಿ ಸ್ಟೈಲ್ ನಂಬರ್ 57-1019ಡಿ. ಅದರ ಕೆಳಗೆ ಬಾಡಿ ನಂಬರ್, ಎಫ್ ಅಂತ ಶುರುವಾಗಿ ಬೇರೆಯೇ ಅಂಕಿಗಳು. ಪೇಂಟ್ 793. 2403 ಎಲ್ಲಿ, 1019 ಎಲ್ಲಿ? ಬಾಗಿಲ ಪ್ಲೇಟಿನ ಕೊನೆಯ ಅಂಕಿಗಳಿಗೂ ಬಾಡಿ ನಂಬರಿಗೂ ತಾಳೆಯೇ ಇಲ್ಲ. ಆನ್‌ಲೈನ್‌ನಲ್ಲಿ ಹಾಕಿ ನೋಡಿದರೆ 17 ಅಕ್ಷರ ಬೇಕು ಅನ್ನುತ್ತದೆ. ಟೋಪಿ ಬಿತ್ತಾ?

ತುಕ್ಕು ತಿಮ್ಮ
ಮೊದಲು ಫೋಟೋ ಹಾಕಿ ಸ್ವಾಮಿ. ಟೋಪಿಯದ್ದು ಆಮೇಲೆ ನೋಡೋಣ.

ಹಳೇ ಕಬ್ಬಿಣ
ಹಾಸನದವರೇ, ಒಂದು ಲೋಟ ಕಾಫಿ ಕುಡಿಯಿರಿ. ನೀವು ಬರೆದಿರುವ ನಂಬರುಗಳಲ್ಲಿ ತಪ್ಪು ಒಂದೂ ಇಲ್ಲ. ಎಲ್ಲ ಒಂದೇ ಕಾರಿನ ಕಥೆ ಹೇಳುತ್ತಿವೆ, ಹೇಳುತ್ತಿರುವವರು ಮಾತ್ರ ಇಬ್ಬರು.

ಶೆವ್ರೊಲೆಟ್ ತನ್ನ ಬಾಡಿಯನ್ನು ತಾನೇ ಮಾಡುತ್ತಿರಲಿಲ್ಲ. ಮಾಡುತ್ತಿದ್ದದ್ದು ಫಿಶರ್ ಬಾಡಿ. 1908ರಲ್ಲಿ ಡೆಟ್ರಾಯ್ಟ್‌ನಲ್ಲಿ ಫಿಶರ್ ಸೋದರರು ಶುರು ಮಾಡಿದ ಕಂಪನಿ. 1919ರಲ್ಲಿ ಜನರಲ್ ಮೋಟರ್ಸ್ ಅದರ 60% ಪಾಲು ಕೊಂಡಿತು, 1926ರಲ್ಲಿ ಪೂರ್ತಿ ಕೊಂಡಿತು. ಕೊಂಡ ಮೇಲೂ ಫಿಶರ್‌ನ ಕಾರ್ಖಾನೆ ಬೇರೆ, ಲೆಕ್ಕದ ಪುಸ್ತಕ ಬೇರೆ. ಬಾಡಿ ಅಲ್ಲಿ ತಯಾರಾಗಿ ಶೆವ್ರೊಲೆಟ್ ಜೋಡಣೆಯ ಸಾಲಿಗೆ ಬರುತ್ತಿತ್ತು. ನಿಮ್ಮ ಕಾರಿನ ಬಾಗಿಲ ಹೊಸ್ತಿಲಲ್ಲಿ ಕುದುರೆ ಗಾಡಿಯ ಚಿತ್ರ ಇದೆಯಲ್ಲ, ಅದು ಫಿಶರ್‌ನ ಗುರುತು.

ಈಗ ನಿಮ್ಮ ನಂಬರಿಗೆ ಬರೋಣ. 2403 ಶೆವ್ರೊಲೆಟ್‌ನ ಲೆಕ್ಕ. 24 ಅಂದರೆ ಬೆಲ್ ಏರ್ ವಿ8 ಅಥವಾ ಸಿಕ್ಸ್, ಎರಡಕ್ಕೂ ಅದೇ. 21 ಇದ್ದಿದ್ದರೆ ಟೂ-ಟೆನ್, 15 ಇದ್ದಿದ್ದರೆ ಒನ್-ಫಿಫ್ಟಿ, ಎರಡೂ ಬೆಲ್ ಏರ್‌ಗಿಂತ ಕೆಳದರ್ಜೆಯ ಶೆವ್ರೊಲೆಟ್‌ಗಳು. ಕೊನೆಯ 03 ಅಂದರೆ ನಾಲ್ಕು ಬಾಗಿಲಿನ ಸೆಡಾನ್. 1019ಡಿ ಫಿಶರ್‌ನ ಲೆಕ್ಕ. ಅದರಲ್ಲಿ 19 ಅಂದರೆ ನಾಲ್ಕು ಬಾಗಿಲಿನ ಸೆಡಾನ್. ಕೊನೆಯ ಡಿ ಬೆಲ್ ಏರ್‌ನ ಮೇಲ್ದರ್ಜೆಯ ಒಳಾಂಗಣಕ್ಕೆ. ಅದೇ ಡಿ ಇಲ್ಲದ 1019 ಆಗಿದ್ದರೆ ಟೂ-ಟೆನ್ ಸೆಡಾನ್. ಅಂದರೆ 2403 ಮತ್ತು 1019ಡಿ ಎರಡೂ ಒಂದೇ ವಸ್ತು.

ಊರಲ್ಲಿ ನಿಮ್ಮ ಜಾಗಕ್ಕೆ ಸರ್ವೆ ನಂಬರ್ ಒಂದು ಇರುತ್ತದೆ, ಖಾತೆ ನಂಬರ್ ಇನ್ನೊಂದು ಇರುತ್ತದೆ. ಎರಡೂ ಬೇರೆ ಅಂತ ಯಾರಾದರೂ ಮನೆಯೇ ನಿಮ್ಮದಲ್ಲ ಅನ್ನುತ್ತಾರಾ?

ಬಾಡಿ ನಂಬರ್ ಅಷ್ಟೇ. ಫ್ಲಿಂಟ್‌ನ ಫಿಶರ್ ಕಾರ್ಖಾನೆ ತನ್ನ ಬಾಡಿಗಳನ್ನು ತಾನು ಎಣಿಸಿಕೊಂಡ ಎಣಿಕೆ ಅದು. ಕಂಬದ ಪ್ಲೇಟಿನ ಆರು ಅಂಕಿ ಶೆವ್ರೊಲೆಟ್‌ನ ಎಣಿಕೆ, 57ರಲ್ಲಿ 100001ರಿಂದ ಶುರು. ಎರಡೂ ಸರಿಹೊಂದಬೇಕಿಲ್ಲ. ಸರಿಹೊಂದಿದ್ದರೆ ನಾನು ಗಾಬರಿಯಾಗುತ್ತಿದ್ದೆ.

ವಿ ಅಂದರೆ ಎಂಟು ಸಿಲಿಂಡರ್, ಆರು ಸಿಲಿಂಡರ್ ಕಾರಿಗೆ ಆ ಅಕ್ಷರವೇ ಇರುವುದಿಲ್ಲ. ಸಿ ಅಂದರೆ ಬೆಲ್ ಏರ್. 57 ವರ್ಷ. ಎಫ್ ಅಂದರೆ ಫ್ಲಿಂಟ್. ನಿಮ್ಮ ಮನೆಯಿಂದ ಒಂದು ಗಂಟೆ ದಾರಿ, ಅಲ್ವಾ? ಕಾರು ತವರಿನ ಹತ್ತಿರವೇ ಇದೆ. 17 ಅಕ್ಷರದ ನಂಬರ್ ಬಂದದ್ದು 1981ರಲ್ಲಿ. ಆ ಜಾಲತಾಣಗಳಿಗೆ ನಿಮ್ಮ ಕಾರು ಅರ್ಥವಾಗುವುದಿಲ್ಲ. ಬಿಟ್ಟುಬಿಡಿ.

ಬೆಲ್ ಏರ್ ಹಾಸನ
ಸರ್, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಇದನ್ನು ಕನ್ನಡದಲ್ಲಿ ಓದಿದ ಮೇಲೆ ತಲೆಗೆ ಹೋಯಿತು. ಒಂದು ಅನುಮಾನ. ಕಂಬದ ಪ್ಲೇಟಿನಲ್ಲಿ ನಾಲ್ಕು ಬಾಗಿಲು ಅನ್ನುವುದು ಎಲ್ಲಿದೆ?

ಹಳೇ ಕಬ್ಬಿಣ
ಇಲ್ಲ! ಅದನ್ನೇ ಕೇಳಲಿ ಅಂತ ಕಾಯುತ್ತಿದ್ದೆ.

ವಿಸಿ57 ಅಂತ ಶುರುವಾಗುವ ಕಾರು ಸೆಡಾನ್ ಆಗಿರಬಹುದು, ಎರಡು ಬಾಗಿಲಿನ ಹಾರ್ಡ್‌ಟಾಪ್ (ಗಟ್ಟಿ ಛಾವಣಿ, ಪಕ್ಕದ ಕಿಟಕಿಗಳ ನಡುವೆ ಕಂಬ ಇಲ್ಲ) ಆಗಿರಬಹುದು, ಛಾವಣಿ ಮಡಚುವ ಕನ್ವರ್ಟಿಬಲ್ ಆಗಿರಬಹುದು, ನೋಮ್ಯಾಡ್ ವ್ಯಾಗನ್ ಕೂಡ ಆಗಿರಬಹುದು. ನಾಲ್ಕಕ್ಕೂ ಅದೇ ಅಕ್ಷರ. ಯಾವ ಆಕಾರದ ಕಾರು ಎಂದು ಹೇಳುವುದು ಬಾನೆಟ್ ಒಳಗಿನ ಆ ತಗಡು ಮಾತ್ರ. 1037ಡಿ ಇದ್ದರೆ ಎರಡು ಬಾಗಿಲಿನ ಹಾರ್ಡ್‌ಟಾಪ್. 1039ಡಿ ನಾಲ್ಕು ಬಾಗಿಲಿನ ಹಾರ್ಡ್‌ಟಾಪ್. 1067ಡಿ ಕನ್ವರ್ಟಿಬಲ್.

ಮೋಸ ನಡೆಯುವುದೂ ಇಲ್ಲೇ. ಸೆಡಾನಿಗೂ ಕನ್ವರ್ಟಿಬಲ್‌ಗೂ ಬೆಲೆಯಲ್ಲಿ ಅಜಗಜಾಂತರ. ತುಕ್ಕು ಹಿಡಿದು ಸತ್ತ ಕನ್ವರ್ಟಿಬಲ್‌ನ ತಗಡೊಂದು ಸಿಕ್ಕರೆ ಸಾಕು, ಇನ್ನೊಂದು ಕಾರಿಗೆ ಹೊಡೆದುಬಿಡುತ್ತಾರೆ. ಹೊಚ್ಚಹೊಸ ತಗಡು ಕೊರೆದುಕೊಡುವವರೂ ಇದ್ದಾರೆ. ಅದಕ್ಕೇ ನಾನು ತಗಡಿಗಿಂತ ಮೊದಲು ಕಾರಿನ ಕೆಳಗೆ ಮಲಗುತ್ತೇನೆ. ಆ ಕಾಲದ ಕನ್ವರ್ಟಿಬಲ್‌ಗೆ ಛಾವಣಿಯ ಬಲ ಇಲ್ಲದ ಕಾರಣ ಚಾಸಿಯ ನಡುವೆ ಅಡ್ಡಡ್ಡ ದಪ್ಪ ಪಟ್ಟಿ ಕೊಡುತ್ತಿದ್ದರು, ಗುಣಾಕಾರ ಚಿಹ್ನೆಯ ಹಾಗೆ. ತಗಡು ಕನ್ವರ್ಟಿಬಲ್ ಅನ್ನುತ್ತಿದೆ, ಕೆಳಗೆ ಆ ಪಟ್ಟಿ ಇಲ್ಲ ಅಂದರೆ ಮಾತು ಮುಗಿಯಿತು. ಕೈ ಮುಗಿದು ಬನ್ನಿ.

ನಿಮ್ಮ ಕಾರಿಗೆ ಆ ಭಯ ಬೇಡ. ನಾಲ್ಕು ಬಾಗಿಲಿನ ಸೆಡಾನ್ ಮಾಡಲು ಯಾರೂ ಮೋಸ ಮಾಡುವುದಿಲ್ಲ. ಬೇಜಾರಾಗಬೇಡಿ, ಸತ್ಯ ಹೇಳಿದೆ.

ತುಕ್ಕು ತಿಮ್ಮ
ಹೊಗಳಿದಿರೋ ಬೈದಿರೋ?

ಬೆಲ್ ಏರ್ ಹಾಸನ
ಇರಲಿ ಬಿಡಿ, ನಮಗೆ ಮಕ್ಕಳು ಮೂರು. ಬಾಗಿಲು ನಾಲ್ಕು ಬೇಕು. 793 ಯಾವ ಬಣ್ಣ ಸರ್? ಕೆಂಪೇ ತಾನೇ?

ಹಳೇ ಕಬ್ಬಿಣ
ಕಪ್ಪು. ಆನಿಕ್ಸ್ ಬ್ಲ್ಯಾಕ್ ಅಂತ ಹೆಸರು. ನಿಮ್ಮ ಕೆಂಪನ್ನು ಯಾರೋ ಆಮೇಲೆ ಬಳಿದಿದ್ದಾರೆ. ಹಿಂದಿನ ಸೀಟು ತೆಗೆದು, ಡಿಕ್ಕಿಯ ಮೂಲೆಗಳಲ್ಲಿ ಟಾರ್ಚ್ ಹಾಕಿ ನೋಡಿ. ಬಣ್ಣ ಬಳಿಯುವವರು ಸಾಮಾನ್ಯವಾಗಿ ಅಲ್ಲಿಗೆ ಕೈ ಹಾಕುವುದಿಲ್ಲ.

ಸ್ಯಾನ್ ಹೋಸೆ ಕುದುರೆ
ಈ ವಿಷಯದಲ್ಲಿ ಫೋರ್ಡ್‌ನವರು ವಾಸಿ ಅಂತ ನನಗೆ ಅನ್ನಿಸುತ್ತದೆ. ನನ್ನದು 65ರ ಮಸ್ಟಾಂಗ್. ನಂಬರ್ 5ಆರ್07ಸಿ ಅಂತ ಶುರು. 5 ಅಂದರೆ 1965. ಆರ್ ಅಂದರೆ ಸ್ಯಾನ್ ಹೋಸೆ. ಡಿಯರ್‌ಬಾರ್ನ್ ಆಗಿದ್ದರೆ ಎಫ್, ನ್ಯೂ ಜೆರ್ಸಿಯ ಮೆಟುಚೆನ್ ಆಗಿದ್ದರೆ ಟಿ. 07 ಹಾರ್ಡ್‌ಟಾಪ್, 08 ಕನ್ವರ್ಟಿಬಲ್, 09 ಫಾಸ್ಟ್‌ಬ್ಯಾಕ್. ಸಿ ಅಂದರೆ 289 ಘನ ಇಂಚಿನ ವಿ8, ಎರಡು ಬ್ಯಾರೆಲ್ ಕಾರ್ಬ್ಯುರೇಟರ್. ಆ ಜಾಗದಲ್ಲಿ ಕೆ ಇದ್ದರೆ ಅದೇ 289, ಆದರೆ 271 ಹಾರ್ಸ್‌ಪವರ್. ಕೆ ಅಕ್ಷರ ಕಂಡರೆ ಇಲ್ಲಿನವರು ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಆಕಾರ, ಎಂಜಿನ್ ಎಲ್ಲ ಒಂದೇ ಸಾಲಿನಲ್ಲಿ.

ಹಾಗಂತ ಬಾಗಿಲಿನ ಪ್ಲೇಟು ನಂಬಬೇಡಿ. ನನ್ನ ಕಾರಿನ ಬಾಗಿಲ ಪ್ಲೇಟಿನಲ್ಲಿ ಬಾಡಿ 76ಎ ಅಂತ ಇದೆ. 76ಎ ಅಂದರೆ ಕನ್ವರ್ಟಿಬಲ್! ನನ್ನದಕ್ಕೆ ಗಟ್ಟಿ ಛಾವಣಿ, 65ಎ ಇರಬೇಕಿತ್ತು. ಒಂದು ವಾರ ತಲೆ ಕೆರೆದುಕೊಂಡೆ. ಕೊನೆಗೆ ತಿಳಿದದ್ದು, ಯಾವತ್ತೋ ಗುದ್ದಿಸಿಕೊಂಡು ಗುಜರಿಯಿಂದ ಬೇರೆ ಬಾಗಿಲು ತಂದು ಹಾಕಿದ್ದಾರೆ. ಪ್ಲೇಟು ಬಾಗಿಲಿಗೆ ರಿವೆಟ್ ಆಗಿರುತ್ತದೆ, ಬಾಗಿಲ ಜೊತೆಗೇ ಬರುತ್ತದೆ. ನಿಜವಾದ ನಂಬರ್ ಬಾನೆಟ್ ಒಳಗೆ, ಡ್ರೈವರ್ ಕಡೆಯ ಒಳ ಮಡ್‌ಗಾರ್ಡ್ ತಗಡಿನ ಮೇಲೆ ಕುಟ್ಟಿರುತ್ತದೆ. ಅಲ್ಲಿ ನನ್ನದು ಸರಿಯಾಗಿಯೇ ಇದೆ.

ಇನ್ನೊಂದು ಮಜಾ. "ನನ್ನದು 1964½ ಮಸ್ಟಾಂಗ್" ಅಂತ ಜನ ಹೇಳುತ್ತಾರಲ್ಲ, ನಂಬರಿನಲ್ಲಿ 4 ಅನ್ನುವುದೇ ಇಲ್ಲ. 64ರ ಬೇಸಿಗೆಯಲ್ಲಿ ತಯಾರಾದದ್ದೂ 5ರಿಂದಲೇ ಶುರು. ಎಲ್ಲಕ್ಕಿಂತ ಮೊದಲ ಸೀರಿಯಲ್ 5ಎಫ್08ಎಫ್100001. ಬಿಳಿ ಕನ್ವರ್ಟಿಬಲ್. ಪ್ರದರ್ಶನಕ್ಕೆ ಅಂತ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ಗೆ ಕಳಿಸಿದ್ದನ್ನು ಅಲ್ಲಿನ ಡೀಲರ್ ಸ್ಟ್ಯಾನ್ಲಿ ಟಕ್ಕರ್ ಎಂಬ ಪೈಲಟ್‌ಗೆ ಮಾರಿಯೇಬಿಟ್ಟ. ಅದನ್ನು ವಾಪಸ್ ತರಲು ಫೋರ್ಡ್ 1966ರವರೆಗೆ ಕಾಯಬೇಕಾಯಿತು. ಹತ್ತು ಲಕ್ಷ ದಾಟಿದ ಮೇಲೆ ಬಂದ ಮಸ್ಟಾಂಗ್ ಒಂದನ್ನು ಬದಲಿಗೆ ಕೊಟ್ಟರು. ಈಗ ಅದು ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿ. ಹಾಸನದವರೇ, ನಿಮಗೆ ಹತ್ತಿರ. ಹೋಗಿ ನೋಡಿಬನ್ನಿ.

ಬೆಲ್ ಏರ್ ಹಾಸನ
ಖಂಡಿತ ಹೋಗುತ್ತೇನೆ. ಇವತ್ತು ಹಿಂದಿನ ಸೀಟು ತೆಗೆದೆ. ಕಪ್ಪು! ಮಡಿಕೆಗಳಲ್ಲಿ ಪೂರ್ತಿ ಕಪ್ಪು. ಜೊತೆಗೆ ಒಂದು ಬಾಚಣಿಗೆ, ಎರಡು ಸೆಂಟು.

ಹುಮ್ಮಸ್ಸು ಬಂತು, ಎಂಜಿನ್ ಕೂಡ ನೋಡೋಣ ಅಂತ ಇಳಿದೆ. ಬ್ಲಾಕಿನ (ಎಂಜಿನ್ನಿನ ಮುಖ್ಯ ಎರಕದ) ಹಿಂದೆ ಕೊಳೆ ಉಜ್ಜಿದ ಮೇಲೆ ಉಬ್ಬಿದ ಅಂಕಿ ಸಿಕ್ಕಿತು: 3970010. ಇನ್ನೊಂದು ಕಡೆ ಕೆ 12 2. ಇದು 57ರದ್ದೇ ಅಲ್ವಾ?

ಸ್ಯಾನ್ ಹೋಸೆ ಕುದುರೆ
ಕೆ ಅಂದರೆ ಅಕ್ಟೋಬರ್. ಅಕ್ಟೋಬರ್ 12, ಕೊನೆಯ ಅಂಕಿ 2. 57ರ ಕಾರಿಗೆ ಅದು ಹೇಗೆ?

ಹಳೇ ಕಬ್ಬಿಣ
ಕುದುರೆಯವರೇ, ಅದು ನಿಮ್ಮ ಫೋರ್ಡ್ ಪಂಚಾಂಗ. ಫೋರ್ಡ್‌ನವರು ತಿಂಗಳ ಅಕ್ಷರದಲ್ಲಿ ಐ ಬಿಟ್ಟು ಎಣಿಸುತ್ತಾರೆ, 1 ಅಂತ ಕಾಣಬಾರದು ಅಂತ. ಹಾಗಾಗಿ ಅವರಿಗೆ ಜೆ ಸೆಪ್ಟೆಂಬರ್, ಕೆ ಅಕ್ಟೋಬರ್. ಶೆವ್ರೊಲೆಟ್ ಎರಕದವರು ಐ ಬಿಡುವುದಿಲ್ಲ. ಇಲ್ಲಿ ಕೆ ಹನ್ನೊಂದನೆಯದು, ನವೆಂಬರ್.

ಹಾಸನದವರೇ, ಕೂತುಕೊಂಡು ಓದಿ. 3970010 ಶೆವ್ರೊಲೆಟ್‌ನ 350 ಘನ ಇಂಚಿನ ಬ್ಲಾಕು. 1969ರಿಂದ 70ರ ದಶಕದ ಉದ್ದಕ್ಕೂ ಎರಕ ಹೊಯ್ದದ್ದು. ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ 2 ಅಂದರೆ 62 ಇರಬಹುದು, 72 ಇರಬಹುದು. 62ರಲ್ಲಿ 350 ಹುಟ್ಟಿಯೇ ಇರಲಿಲ್ಲ. ಹಾಗಾಗಿ 1972ರ ನವೆಂಬರ್ 12. ನಿಮ್ಮ ಕಾರಿಗೆ ಹದಿನೈದು ವರ್ಷ ತುಂಬಿದಾಗ ಹುಟ್ಟಿದ ಎಂಜಿನ್. 57ರಲ್ಲಿ ಮೇಲ್ದರ್ಜೆಗೆ ಇದ್ದದ್ದು 283 ಘನ ಇಂಚಿನದು, ಅದರ ಬ್ಲಾಕಿನ ಮೇಲೆ 3731548 ಇರುತ್ತದೆ.

ಬಾಡಿ ಬೇರೆಯದು ಅಂತ ಹೇಳಿದವರು ಅಸಲಿ ವಿಷಯ ಬಿಟ್ಟು ಪಕ್ಕದ್ದನ್ನು ಹಿಡಿದಿದ್ದಾರೆ. ಬಾಡಿ ಇದೇ ಕಾರಿನದು. ಬೇರೆಯದಾಗಿರುವುದು ಎಂಜಿನ್.

ತುಕ್ಕು ತಿಮ್ಮ
ಅಯ್ಯೋ. ಮನೆಯಾಕೆಗೆ ಹೇಳಬೇಡಿ.

ಪಾಂಟಿಯಾಕ್ ಪ್ರಿಯೆ
ಅದರಲ್ಲಿ ಕೊರಗುವಂಥದ್ದು ಏನೂ ಇಲ್ಲ ಅಣ್ಣ. ಇಲ್ಲಿ ಎಲ್ಲರೂ "ನಂಬರ್ ಮ್ಯಾಚಿಂಗ್" ಅಂತ, ಅಂದರೆ ಕಾರಿಗೆ ಅದರ ಮೂಲ ಎಂಜಿನ್ನೇ ಇರಬೇಕು ಅಂತ ಮಂತ್ರ ಜಪಿಸುತ್ತಾರೆ. 57ರ ಶೆವಿಯ ಎಂಜಿನ್ ಮೇಲೆ ಕಾರಿನ ಸೀರಿಯಲ್ ನಂಬರ್ ಕುಟ್ಟುತ್ತಲೇ ಇರಲಿಲ್ಲ. ಎಂಜಿನ್ ತಯಾರಾದ ಕಾರ್ಖಾನೆಯ ಅಕ್ಷರ, ತಿಂಗಳು ದಿನ, ಯಾವ ಬಗೆಯದು ಎಂಬ ಅಕ್ಷರ, ಅಷ್ಟೇ. ಮೂಲ 283 ಇದ್ದಿದ್ದರೂ "ದಿನಾಂಕ ಹೊಂದುತ್ತದೆ" ಅನ್ನಬಹುದಿತ್ತು, "ಇದೇ ಎಂಜಿನ್" ಅಂತ ಯಾರೂ ಆಣೆ ಮಾಡಲಾಗುತ್ತಿರಲಿಲ್ಲ.

ನನ್ನ ನೋವು ಬೇರೆ. 1965ರ ಪಾಂಟಿಯಾಕ್ ಜಿಟಿಒ ಅಂತ ಒಬ್ಬರು ಮಾರಲು ಬಂದರು. ನಂಬರ್ 237ರಿಂದ ಶುರು. 237 ಅಂದರೆ ಲೆಮಾನ್ಸ್. 64 ಮತ್ತು 65ರಲ್ಲಿ ಜಿಟಿಒ ಅನ್ನುವುದು ಲೆಮಾನ್ಸ್ ಮೇಲೆ ಕೊಡುತ್ತಿದ್ದ ಒಂದು ಆಯ್ಕೆ ಮಾತ್ರ. ಹಾಗಾಗಿ ನಂಬರಿನಲ್ಲಿ ಅದು ಕಾಣುವುದೇ ಇಲ್ಲ. 66ರಲ್ಲಿ ಬೇರೆ ಸಾಲು ಕೊಟ್ಟರು, 242. 242 ಇದ್ದರೆ ಜಿಟಿಒ. 65ರ ಕಾರಿಗೆ ಮಾತ್ರ ಕಂಪನಿಯ ಹಳೇ ದಾಖಲೆ ತರಿಸಲೇಬೇಕು. ಪಾಂಟಿಯಾಕ್ ದಾಖಲೆಗಳು ಉಳಿದಿವೆ, ಪಿಎಚ್ಎಸ್ (ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್) ಅನ್ನುವವರು ದುಡ್ಡು ಕೊಟ್ಟರೆ ಪ್ರತಿ ಕಳಿಸುತ್ತಾರೆ. ತರಿಸಿದೆ. ಸಾದಾ ಲೆಮಾನ್ಸ್. ಮಾರುವವರಿಗೆ ಹೇಳಿದೆ, ಫೋನ್ ಇಟ್ಟರು.

ಶೆವ್ರೊಲೆಟ್‌ನ ಶೆವೆಲ್ ಎಸ್ಎಸ್ (ಸೂಪರ್ ಸ್ಪೋರ್ಟ್) ಕಾರಿನದು ಇದರ ಉಲ್ಟಾ. 66ರಿಂದ 68ರವರೆಗೆ 138 ಅಂತ ನಂಬರಿನಲ್ಲೇ ಹೇಳುತ್ತಿತ್ತು. 69ರಿಂದ ಅದನ್ನು ಆಯ್ಕೆ ಮಾಡಿಬಿಟ್ಟರು. ಸಾದಾ ಶೆವೆಲ್ ಮಾಲಿಬು ಕೊಂಡವನಿಗೂ ಎಸ್ಎಸ್ ಕೊಂಡವನಿಗೂ ಅದೇ 136. ನಕಲಿ ಎಸ್ಎಸ್‌ಗಳು 69, 70ರಲ್ಲೇ ಯಾಕೆ ಜಾಸ್ತಿ ಅಂತ ಈಗ ಗೊತ್ತಾಯಿತಲ್ಲ?

ಹಳೇ ಕಬ್ಬಿಣ
ಒಪ್ಪಿದೆ ಅಕ್ಕ, ಒಂದು ಬಿಟ್ಟು. ಎಂಜಿನ್ ಬದಲಾದರೆ ಏನಂತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಓಡಿಸುವವನಿಗೆ ಸರಿ. ಮಾರುವವನು ಬಾಯಿ ಬಿಟ್ಟು ಹೇಳಬೇಕು.

ಇನ್ನೊಂದು ಕಿರಿಕಿರಿ. ಪಾಂಟಿಯಾಕ್‌ನವರಿಗೆ ದಾಖಲೆ ಇದೆ. ಫೋರ್ಡ್‌ನವರಿಗೆ 1967ರಿಂದ ಮುಂದಿನದಕ್ಕೆ ಫೋರ್ಡ್ ದಾಖಲೆ ಇಟ್ಟುಕೊಂಡಿರುವ ಕೆವಿನ್ ಮಾರ್ಟಿ ಅವರ ಹತ್ತಿರ ಇದೆ. ಅಮೆರಿಕದಲ್ಲಿ ಮಾರಿದ ಈ ಕಾಲದ ಶೆವ್ರೊಲೆಟ್‌ಗೆ ಅಂಥ ದಾಖಲೆ ಸಿಗುವುದಿಲ್ಲ. ಅತಿ ಹೆಚ್ಚು ಮಾರಿದವರ ಗತಿ ಇದು. ಅದಕ್ಕೇ ಆ ಒಂದು ತಗಡಿಗೆ ಇಷ್ಟು ಜಗಳ.

ಪಾಂಟಿಯಾಕ್ ಪ್ರಿಯೆ
ಬಾಯಿ ಬಿಟ್ಟು ಹೇಳಬೇಕು, ಅದು ಸರಿ. ನಾನು ಬೇಡ ಅಂದೆನಾ?

ಒಂಟಿಕೊಪ್ಪಲು ಪ್ಲಿಮತ್
ಮೈಸೂರಿನಿಂದ ನಮಸ್ಕಾರ. ಅಜ್ಜನ ಪ್ಲಿಮತ್ ಇದೆ. ಸ್ಟೇರಿಂಗ್ ಬಲಗಡೆ. ಆರ್.ಸಿ. ಬುಕ್ಕಿನಲ್ಲಿ 1954ರ ಮಾಡೆಲ್ ಅಂತ ಬರೆದಿದೆ. ಎಂಜಿನ್ ನಂಬರ್ ಪಿ24 ಅಂತ ಶುರು. ಹಬ್ಬಕ್ಕೆ ಪಕ್ಕದ ಮನೆಯವರ ಅಳಿಯ ಬಂದಿದ್ದ, "ಇದು 53" ಅಂತ ಹೇಳಿ ಅಪ್ಪನಿಗೆ ಸಿಟ್ಟು ಬರಿಸಿದ. ಯಾರ ಮಾತು ಸರಿ?

ಹಳೇ ಕಬ್ಬಿಣ
ಅಳಿಯ ತಿಳಿದವನು. ಪ್ಲಿಮತ್ ಆರು ಸಿಲಿಂಡರ್ ಎಂಜಿನ್ನಿಗೆ ಪಿ15 ಅಂದರೆ 1946ರಿಂದ 48, ಪಿ18 ಅಂದರೆ 49, ಪಿ20 ಅಂದರೆ 50, ಪಿ23 ಅಂದರೆ 51 ಮತ್ತು 52. ಪಿ24 ಅಂದರೆ 53. ಪಿ25 ಇದ್ದಿದ್ದರೆ 54 ಆಗುತ್ತಿತ್ತು.

ಅಪ್ಪನದೂ ತಪ್ಪಲ್ಲ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಕ್ರೈಸ್ಲರ್ ಪರವಾನಗಿ ಮೇಲೆ ಈ ಕಾರುಗಳನ್ನು ಜೋಡಿಸುತ್ತಿದ್ದರು. ಬಿಡಿ ಭಾಗಗಳು ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬಂದು, ಜೋಡಣೆಯಾಗಿ, ಮೈಸೂರು ತಲುಪಿ ನೋಂದಣಿ ಆಗುವ ಹೊತ್ತಿಗೆ ವರ್ಷ ತಿರುಗಿದ್ದರೆ ಆಶ್ಚರ್ಯ ಇಲ್ಲ. ಆರ್.ಸಿ.ಯಲ್ಲಿರುವ ವರ್ಷಕ್ಕೂ ಕಾರಿನ ಮಾಡೆಲ್ ವರ್ಷಕ್ಕೂ ವ್ಯತ್ಯಾಸ ಬರುವುದು ಹೀಗೆ. ಆದರೆ ಒಂದು ನೋಡಿ. ಎಂಜಿನ್ ನಂಬರ್ ಬ್ಲಾಕಿನ ಎಡಗಡೆ, ಮುಂದೆ, ಸಿಲಿಂಡರ್ ಹೆಡ್ಡಿನ ಕೆಳಗೆ, ಡೈನಮೋ ಮೇಲ್ಗಡೆ ಕುಟ್ಟಿರುತ್ತದೆ. ಅಲ್ಲಿರುವುದೂ ಆರ್.ಸಿ.ಯಲ್ಲಿರುವುದೂ ಅಕ್ಷರ ಅಕ್ಷರ ಒಂದೇನಾ ಅಂತ ಕನ್ನಡಕ ಹಾಕಿಕೊಂಡು ಓದಿ. ಬ್ಲಾಕು ಬದಲಾಗಿದ್ದರೆ ಪಿ24 ಕಾರಿನ ವಯಸ್ಸನ್ನೇ ಹೇಳುವುದಿಲ್ಲ, ಎಂಜಿನ್ನಿನ ವಯಸ್ಸು ಹೇಳುತ್ತದೆ. ಚಾಸಿ ನಂಬರೂ ಜೊತೆಗೆ ನೋಡಿ.

ಅಂದ ಹಾಗೆ ನಿಮ್ಮ ಊರಲ್ಲಿ ಡಾಡ್ಜ್ ಕಿಂಗ್ಸ್‌ವೇ ಇರುವವರು ಯಾರಾದರೂ ಇದ್ದರೆ ತಿಳಿಸಿ. ಹೆಸರು ಡಾಡ್ಜ್, ಒಳಗೆ ಪ್ಲಿಮತ್. ರಫ್ತಿಗೆ ಅಂತ ಮಾಡಿದ್ದು. ಅಮೆರಿಕದ ಡಾಡ್ಜ್ ಪಟ್ಟಿ ಇಟ್ಟುಕೊಂಡು ಅದರ ಬಿಡಿ ಭಾಗ ತರಿಸಿದರೆ ದುಡ್ಡು ನೀರಿಗೆ. ಪ್ಲಿಮತ್ ಪಟ್ಟಿ ನೋಡಬೇಕು.

ಒಂಟಿಕೊಪ್ಪಲು ಪ್ಲಿಮತ್
ನೋಡಿದೆ ಸರ್. ಎರಡೂ ಒಂದೇ. ಅಪ್ಪ "53 ಅಂದರೆ ಇನ್ನೂ ಒಂದು ವರ್ಷ ಹಳೇದು" ಅಂತ ಈಗ ಖುಷಿಯಾಗಿದ್ದಾರೆ. ಅಳಿಯನಿಗೆ ಒಬ್ಬಟ್ಟು ಹೋಯಿತು.

ತುಕ್ಕು ತಿಮ್ಮ
ನಾನೂ ಒಂದು ಹೇಳುತ್ತೇನೆ, ಸುಮ್ನೆ ನಗಾಡಿದ್ದೇ ಆಯಿತು. 30ರ ಫೋರ್ಡ್ ಮಾಡೆಲ್ ಎ ರಿಪೇರಿಗೆ ಬಿಚ್ಚಿದ್ದೆವು. ಆ ಕಾರಿಗೆ ಎಂಜಿನ್ ನಂಬರೇ ಕಾರಿನ ನಂಬರ್. ಅದನ್ನೇ ಚಾಸಿಯ ಎಡ ಪಟ್ಟಿಯ ಮೇಲೂ ಕುಟ್ಟಿರುತ್ತಾರೆ, ಆದರೆ ಬಾಡಿಯ ಕೆಳಗೆ. ಬಾಡಿ ಎತ್ತುವ ತನಕ ಕಣ್ಣಿಗೆ ಬೀಳುವುದಿಲ್ಲ. ಕಾಗದದಲ್ಲಿ ಇದ್ದದ್ದು ಎಂಜಿನ್ ನಂಬರ್. ಎತ್ತಿ ನೋಡಿದರೆ ಚಾಸಿಯಲ್ಲಿ ಬೇರೆ. ತೊಂಬತ್ತು ವರ್ಷದಲ್ಲಿ ಯಾರೋ ಎಂಜಿನ್ ಬದಲಿಸಿ, ಕಾಗದವನ್ನೂ ಹೊಸ ಎಂಜಿನ್ನಿಗೆ ಹೊಂದಿಸಿಕೊಂಡಿದ್ದಾರೆ. ಆಗ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಟೈಟಲ್ (ಮಾಲೀಕತ್ವದ ಕಾಗದ) ಕೊಡುತ್ತಿದ್ದದ್ದೇ ಎಂಜಿನ್ ನಂಬರ್ ಮೇಲೆ. ಕಳ್ಳತನ ಅಲ್ಲ, ಆ ಕಾಲದ ವಾಡಿಕೆ. ಆದರೂ ಕಚೇರಿಯಲ್ಲಿ ಸರಿ ಮಾಡಿಸಲು ನಾಲ್ಕು ತಿಂಗಳು ಅಲೆದೆವು.

ಹಾಸನದವರೇ, ಒಂದೇ ಮಾತು. ಬಣ್ಣ ಹೊಡೆಸುವಾಗ ಯಾವ ಪ್ಲೇಟನ್ನೂ ಕಳಚಬೇಡಿ. ಪೇಂಟಿನವರು "ತೆಗೆದರೆ ಚೆನ್ನಾಗಿ ಕೂರುತ್ತೆ" ಅನ್ನುತ್ತಾರೆ. ಸೀರಿಯಲ್ ಪ್ಲೇಟು ಕಿತ್ತು ಇನ್ನೊಂದಕ್ಕೆ ಹಾಕುವುದು ಇಲ್ಲಿ ಫೆಡರಲ್ ಅಪರಾಧ. ಟೇಪ್ ಅಂಟಿಸಿ ಹೊಡೆಸಿ.

ಬೆಲ್ ಏರ್ ಹಾಸನ
ಟೇಪ್ ಅಂಟಿಸಿಯೇ ಹೊಡೆಸುತ್ತೇನೆ. ಕಪ್ಪು ಬಣ್ಣ. ತೀರ್ಮಾನ ಆಯಿತು.

350 ಇರಲಿ ಅಂತ ಬಿಟ್ಟಿದ್ದೇನೆ. ಚೆನ್ನಾಗಿ ಓಡುತ್ತಿದೆ. ಮಾರುವ ದಿನ ಬಂದರೆ ಬಾಯಿ ಬಿಟ್ಟು ಹೇಳುತ್ತೇನೆ, ಕಬ್ಬಿಣ ಸರ್. ಅದರ ಮುಂಭಾಗದ ಪಟ್ಟಿ ಉಜ್ಜಿದಾಗ ಇನ್ನೊಂದು ಸಾಲು ಸಿಕ್ಕಿತು. 13ಜೆ ಅಂತ ಶುರು, ಆಮೇಲೆ ಆರು ಅಂಕಿ.

ಹಳೇ ಕಬ್ಬಿಣ
1 ಅಂದರೆ ಶೆವ್ರೊಲೆಟ್. 3 ಅಂದರೆ 1973. ನವೆಂಬರ್ 72ರ ಎರಕ 73ರ ಮಾಡೆಲ್‌ಗೆ ಹೋಗುವುದು, ಸರಿಯಾಗಿದೆ. ಜೆ ಅಂದರೆ ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್. ಆ ಆರು ಅಂಕಿ ಅದರ ಮೂಲ ಕಾರಿನ ಸೀರಿಯಲ್. ಎಲ್ಲೋ ಒಂದು 73ರ ಶೆವ್ರೊಲೆಟ್ ಎಂಜಿನ್ ಇಲ್ಲದೆ ಗುಜರಿಗೆ ಹೋಗಿದೆ.

ಬೆಲ್ ಏರ್ ಹಾಸನ
ಆ ನಂಬರನ್ನು ಬರೆದು ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಬಾಚಣಿಗೆ ಮತ್ತು ಎರಡು ಸೆಂಟಿನ ಜೊತೆ.